ಮೂಲ

ಕೋಡಿಬಾಗದ ಸಸಿತೋಟದಲ್ಲಿ ನನಗೆ ತಗಡಿನ ಕೆಲಸ.
ಹೆಸರು, ಕುಲ, ಮೂಲ: ಮೂರೇ ಸಾಲು,
ಹಸಿರು ಬಣ್ಣ ಆರಿದ ಮೇಲೆ ಬಿಳಿ ಅಕ್ಷರ.
ಈ ಉಪ್ಪುಗಾಳಿಗೆ ಎರಡು ಮಳೆಗಾಲ ಬಾಳಿದರೆ ಹೆಚ್ಚು.
ತುಕ್ಕು ಮೊದಲು ತಿನ್ನುವುದು ಕೊನೆಯ ಸಾಲನ್ನೇ.

ಪುರ್ಸು ಮಾವ ಬಂದು ಚೀಲಗಳ ನಡುವೆ ಕೂರುತ್ತಾನೆ.
ಇಪ್ಪತ್ತಾರು ವರ್ಷ ಹಡಗಿನಲ್ಲಿ ಅನ್ನ ಬೇಯಿಸಿದವನು.
ಬಂದರು ಮುಟ್ಟಿದರೆ ಉಳಿದವರು ಪೇಟೆಗೆ,
ಇವನು ತೋಟಕ್ಕೆ.
"ಆರು ವಾರ ಬರೀ ನೀಲಿ ಕಂಡ ಕಣ್ಣು, ಬಾಯೇ,
ಹಸಿರು ಕಂಡರೆ ದನದ ಹಾಗೆ ನುಗ್ಗುತ್ತದೆ."

ಕೊಲಂಬೊದಿಂದ ಬಸ್ಸು ಹಿಡಿದು ಪೇರಾದೆಣಿಯ,
ಬಾವಲಿ ಜೋತ ಮರಗಳ ಕೆಳಗೆ
ಕೊಡೆ ಬಿಡಿಸಿಕೊಂಡು ಉಂಡದ್ದು.
ಬೋಗೋರಿನ ಮಧ್ಯಾಹ್ನದ ಮಳೆ ದಾರಿ ತಪ್ಪಿಸಿ
ಕೊಳದ ದಂಡೆಗೆ ತಂದು ನಿಲ್ಲಿಸಿದ್ದು;
ಅಂಚೆದ್ದ ತಟ್ಟೆಗಳಂತೆ ತೇಲುವ ಎಲೆ,
ಇಡೀ ಹಡಗಿಗೆ ಒಂದೇ ಪಂಕ್ತಿಯಲ್ಲಿ ಬಡಿಸಬಹುದಿತ್ತಂತೆ.
ಕಲ್ಕತ್ತೆಯ ನದಿಯಾಚೆ ಆಲವೋ ಅಡವಿಯೋ:
ತಾಯಿಕಾಂಡ ಕೊಳೆತು, ಕಡಿದು ತೆಗೆದು ಎಷ್ಟೋ ಕಾಲ,
ಬಿಳಲುಗಳಿಗಿನ್ನೂ ಸುದ್ದಿ ಮುಟ್ಟಿಲ್ಲ.
ಕ್ಯೋಟೊ ಎಂದರೆ ಈಗಲೂ ಸಿಟ್ಟು.
ಮರವಿಲ್ಲ, ಹೂವಿಲ್ಲ, ಗೀರಿದ ಜಲ್ಲಿ, ನಾಲ್ಕು ಕಲ್ಲು.
"ದುಡ್ಡು ಇಸ್ಕೊಂಡು ಸಮುದ್ರವನ್ನೇ ತೋರಿಸಿದರು!"

ಸಿಂಗಾಪುರಕ್ಕೆ ಬಂದಾಗ ದನಿ ಇಳಿಯುತ್ತದೆ.
ಬೆಳಗಿನ ಐದಕ್ಕೇ ತೆರೆದ ಬಾಗಿಲು, ಚೀಟಿ ಕೇಳುವವರಿಲ್ಲ.
ಕತ್ತಲಲ್ಲಿ ಚಪ್ಪಲಿಯಡಿ ಏನೋ ಟಕ್ಕೆಂದಿತು.
ಆ ಸದ್ದು ಅವನಿಗೆ ಗೊತ್ತು.
ಬೈತಖೋಲದ ಧಕ್ಕೆಯ ಹಿಂದೆ
ಅಪ್ಪ ದೋಣಿ ಮಗುಚಿಡುತ್ತಿದ್ದ ನೆರಳು,
ಅಜ್ಜಿ ದೀಪದೆಣ್ಣೆಗೆ ಒಣಗಿಸುತ್ತಿದ್ದ ಕಾಯಿ,
ಅದನ್ನೇ ಕದ್ದು ಗೋಲಿಯಾಡಿ ತಿಂದ ಏಟು.
ಉಂಡಿ.
ನನ್ನ ತಗಡಿನ ಕನ್ನಡದಲ್ಲಿ ಸುರಹೊನ್ನೆ.

ಮಾವನಿಗೆ ಓದು ಬಾರದು.
ಎಲೆ ಗುಡಿಸುತ್ತಿದ್ದ ತಮಿಳಿನವನನ್ನು ಕರೆದು ಹಲಗೆ ತೋರಿಸಿದ.
ಅವನು ಹರಕು ಹಿಂದಿಯಲ್ಲಿ ಇವನ ಊರು ಕೇಳಿ,
ಪೊರಕೆ ಊರಿ, ಬಗ್ಗಿ ನೋಡಿ,
ಓದಿದನಂತೆ: "ಮೂಲ, ಕಾರವಾರ."

ನೂರು ಸಲ ಕೇಳಿದ್ದೇನೆ ಇದನ್ನು.
ಯಾವ ಹಲಗೆಯೂ ಹಾಗೆ ಬರೆಯುವುದಿಲ್ಲವೆಂದು
ಒಂದು ಸಲವೂ ಹೇಳಿಲ್ಲ.
ತೆರೆ ಹತ್ತಿ ಆಫ್ರಿಕದ ದಂಡೆಯಿಂದ ಯಾವ್ಯಾವ ದ್ವೀಪಕ್ಕೋ
ತೇಲಿ ಬೀಳುವ ಕಾಯಿ ಅದು,
ಮರಳು ತಡೆದಲ್ಲಿ ಸಂಸಾರ.

ಧಕ್ಕೆ ಅಗಲ ಮಾಡಿದ ವರ್ಷ ಬೈತಖೋಲದ ಮರ ಹೋಯಿತು.
ಮಾರನೆಯ ದಿನ ಮಾವ ತಂಬಾಕಿನ ಡಬ್ಬಿ ತಂದ.
ಸಿಂಗಾಪುರದ ಕಾಯಿ, ಮೂವತ್ತೊಂದು ವರ್ಷದ್ದು,
ಅಲುಗಿಸಿದರೆ ಒಳಗೆ ಗಿಲಿಗಿಲಿ.
"ನೆಡು" ಎಂದ.
ಬಿರಿದ ತಿರುಳು ಮೊಳೆಯುವುದಿಲ್ಲ.
ನೆಟ್ಟೆ.
ಆ ಭಾನುವಾರ ಕಾಳಿ ದಾಟಿ
ದೇವಬಾಗದ ಮರಳಲ್ಲಿ ಹಸಿ ಕಾಯೊಂದನ್ನು ಆರಿಸಿ,
ಚಿಪ್ಪು ಒಡೆದು, ಯಾರೂ ಇಲ್ಲದ ಹೊತ್ತಿಗೆ
ಅದೇ ಚೀಲದಲ್ಲಿ, ಒಂದು ಬೆರಳು ಪಕ್ಕಕ್ಕೆ.

ಐದನೆಯ ವಾರ ಮಣ್ಣು ಸೀಳಿತು.
ಮಾವ ದಿನಾ ಬಂದು ಬಾಣಂತಿಯ ಕೋಣೆಗೆ ಬಂದವನಂತೆ
ದೂರವೇ ನಿಂತು ನೋಡುತ್ತಿದ್ದ.
ಎರಡು ಜೊತೆ ಎಲೆ ಬಿಟ್ಟ ದಿನ ತಗಡು ಕೇಳಿದ.

ಬರೆದೆ. ಕೊನೆಯ ಸಾಲಿಗೆ ದೇವಬಾಗ ಎಂದೇ ಬರೆದೆ;
ತಗಡಿನ ಮೇಲೆ ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ.
ಹಸಿ ಬಣ್ಣದ ಮೇಲೆ ಬೆರಳಿಟ್ಟು ಕೇಳಿದ, "ಏನಿದೆ ಇಲ್ಲಿ?"
ಕುಂಚ ಎಣ್ಣೆಯಲ್ಲದ್ದಿ, ಬಟ್ಟೆಗೆ ಒರೆಸಿ,
"ಮೂಲ... ಸಿಂಗಾಪುರ" ಎಂದೆ.

ಮಾವ ಬೆರಳ ತುದಿಯ ಬಿಳಿಯನ್ನು ಲುಂಗಿಗೆ ಒರೆಸಿಕೊಂಡು ನಕ್ಕ.
"ಆ ತಮಿಳಿನವನೂ ಹೀಗೇ,
ಒಂದು ಗಳಿಗೆ ತಡೆದು ಓದಿದ್ದ."